ಬಸವನ ಹಿಂಗಾಲಿಗೆ ಡಿಸ್ಕ್ ಬ್ರೇಕು

ಇರಲಾರದೆ ಇರುವೆ ಬಿಟ್ಟುಕೊಳ್ಳುವವರು ನಮ್ಮ ಹೊಸಪೇಟೆ, ಸಂಡೂರು ಕಡೆ ಯಾವ ಕಾಲಕ್ಕೂ ಕಡಿಮೆ ಇದ್ದಿಲ್ಲ. ಅದಿರಿನ ಕಾಲ ಬಂದ ಮೇಲೆ ಆದ ವ್ಯತ್ಯಾಸ ಇಷ್ಟೇ, ಇರುವೆಯನ್ನೂ ಫಾರಿನ್ನಿನಿಂದ ತರಿಸಿ ಬಿಟ್ಟುಕೊಳ್ಳತೊಡಗಿದರು.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಟಿ.ಬಿ. ಡ್ಯಾಂ ಕಡೆ ವರ್ಕ್‌ಶಾಪಿನಲ್ಲಿ ಕ್ರೇನು, ಜೀಪು, ಪಂಪುಗಳ ಜೊತೆ ಆಯುಷ್ಯ ಸವೆಸಿ, ಆಗಷ್ಟೇ ನಿವೃತ್ತನಾಗಿದ್ದೆ. ನಿವೃತ್ತನಾದವನಿಗೆ ಬೇಕಾದದ್ದು ಎರಡೇ. ಸಂಜೆಗೊಂದು ಪ್ಲೇಟು ಮಂಡಕ್ಕಿ ಮಿರ್ಚಿ, ಮತ್ತು ಇನ್ನೊಬ್ಬರ ದಡ್ಡತನ. ಮಿರ್ಚಿಯನ್ನು ಡಾಕ್ಟರು ಬಿಡಿಸಿದರು. ಎರಡನೆಯದಕ್ಕೆ ಪಥ್ಯವಿಲ್ಲ. ಆ ದಿನಗಳಲ್ಲಿ ಅದರ ಬೆಳೆಯೂ ಹುಲುಸಾಗಿತ್ತು.

ನನ್ನ ಪಾಲಿಗೆ ದೊಡ್ಡ ರಾಶಿ ಬಂದದ್ದು ಸಂಡೂರಿನ ಒಬ್ಬ ಸಾಹುಕಾರನಿಂದ. ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಬಂಡ್ರಿ ಕಡೆ ಅವರದೊಂದು ಹೊಲವಿತ್ತು, ಜೋಳ ಬಿತ್ತಿದರೆ ಕಲ್ಲು ಏಳುವಂಥ ಕೆಂಪು ದಿಬ್ಬ. ಯಾರೋ ಬಂದು ‘ನಮಗೆ ಜೋಳ ಬ್ಯಾಡ, ಆ ಕಲ್ಲೇ ಬೇಕು’ ಎಂದರು. ಅಲ್ಲಿಂದ ಅವನು ಸಾಹುಕಾರ. ಅದಕ್ಕೂ ಮೊದಲು ನಾವಿಬ್ಬರೂ ಒಬ್ಬರಿಗೊಬ್ಬರು ‘ಲೇ’ ಎನ್ನುತ್ತಿದ್ದೆವು. ಕಲ್ಲು ಮಾರಾಟವಾದ ಮೇಲೆ ಅದು ‘ರೀ’ ಆಯಿತು. ಸಿಟ್ಟು ಬಂದಾಗ ಮಾತ್ರ ಹಳೇ ‘ಲೇ’ ಜಾರಿ ಹೊರಬೀಳುತ್ತಿತ್ತು.

ಅವನ ಅಂಗಳದಲ್ಲಿ ಎರಡು ವಾಹನ ನಿಂತಿರುತ್ತಿದ್ದವು. ಒಂದು, ಆನೆಮರಿಯಷ್ಟು ದೊಡ್ಡ ಫಾರಿನ್ ಕಾರು. ಇನ್ನೊಂದು, ಅವನ ಅಪ್ಪ ಮಿಲಿಟರಿ ಹರಾಜಿನಲ್ಲಿ ತಂದ ಸಣ್ಣ ಟ್ರಕ್ಕು. ಎತ್ತಿನ ಜೋಡಿ ಮಾರಿ ತಂದದ್ದಾದ್ದರಿಂದ ಅವನ ತಾಯಿ ಅದನ್ನು ‘ಬಸವ’ ಎಂದೇ ಕರೆಯುತ್ತಿದ್ದಳು. ನಮಗೆಲ್ಲ ಆಕೆ ಅವ್ವ. ಅವ್ವ ಫಾರಿನ್ ಕಾರಿನಲ್ಲಿ ಒಮ್ಮೆ ಕೂತಿದ್ದಳು. ಕಿಟಕಿ ತೆಗೆಯಲು ಬಾರದು, ಸಪ್ಪಳವಿಲ್ಲ, ಒಳಗೆ ಕೊರೆಯುವ ಥಂಡಿ. “ಇದು ಜೀವ ಇದ್ದವರು ಕುಂದ್ರೋ ಗಾಡಿ ಅಲ್ಲಪ್ಪಾ” ಎಂದು ಇಳಿದವಳು ಮತ್ತೆ ಹತ್ತಲಿಲ್ಲ.

ಸಾಹುಕಾರನ ಮಗಳಿಗೆ ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಯಲ್ಲಿ ಸಂಬಂಧ ಕೂಡಿತು. ಮದುವೆ ಕಂಪ್ಲಿಯಲ್ಲಿ. ಸಾಹುಕಾರನ ಮನೆತನದಲ್ಲಿ ಹಿರಿಯ ಹೆಂಗಸಿನ ಮೊದಲ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳದೆ ಯಾವ ತಾಳಿಯನ್ನೂ ಕಟ್ಟಿಲ್ಲ. ಅವ್ವ ಹೇಳಿಬಿಟ್ಟಳು, “ಬಸವನ ಮ್ಯಾಲ ಬರ್ತೀನಿ. ಇಲ್ಲಂದ್ರ ಇಲ್ಲೇ ಕಟ್ಟಿ ಮ್ಯಾಲ ಕುಂತು ಕಂಪ್ಲಿ ಕಡೆ ಮುಖ ಮಾಡಿ ಅಕ್ಕಿಕಾಳು ಹಾಕ್ತೀನಿ.”

ಅಂದರೆ ಆ ಮುದಿ ಟ್ರಕ್ಕು ಅವ್ವನನ್ನು ಕೂರಿಸಿಕೊಂಡು ಘಟ್ಟ ಇಳಿದು, ಹೊಸಪೇಟೆ ದಾಟಿ, ಮುಹೂರ್ತಕ್ಕೆ ಸರಿಯಾಗಿ ಕಂಪ್ಲಿ ಮುಟ್ಟಬೇಕು. ಸುಮ್ಮನೆ ಬಿಟ್ಟಿದ್ದರೆ ಮುಟ್ಟುತ್ತಿತ್ತು. ಅದರ ಹಳೇ ಡ್ರಮ್ ಬ್ರೇಕು ಸದ್ದು ಮಾಡುತ್ತಿದ್ದರೂ ನಿಲ್ಲಿಸುತ್ತಿತ್ತು. ಆದರೆ ಸುಮ್ಮನೆ ಬಿಡುವುದು ಸಾಹುಕಾರಿಕೆಯ ಲಕ್ಷಣವಲ್ಲವಲ್ಲ.

ಫಾರಿನ್ನಿನಾಗ ಎಲ್ಲಾ ಉಲ್ಟಾ

ಈ ಇರುವೆಯನ್ನು ತಂದವನು ಸಾಹುಕಾರನ ಭಾಮೈದ, ಅಂದರೆ ಹೆಂಡತಿಯ ತಮ್ಮ. ಯಾವುದೋ ಕೋರ್ಸು ಅರ್ಧ ಓದಿ, ಉಳಿದರ್ಧವನ್ನು ಹೊಸಪೇಟೆಯ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಮುಗಿಸುತ್ತಿದ್ದ. ಅವನೊಂದು ದಿನ ಬಂದು, “ಭಾವಾ, ಅಮೆರಿಕದಾಗ ಹಳೇ ಟ್ರಕ್ಕಿಗೆಲ್ಲ ಹಿಂದಿನ ಗಾಲಿಗೆ ಡಿಸ್ಕ್ ಬ್ರೇಕ್ ಹಾಕಸ್ತಾರ. ಬೀಗರ ಮುಂದ ಡ್ರಮ್ ಬ್ರೇಕ್ ಗಾಡಿ ತಗಂಡ್ ಹೋದ್ರ ಏನಂತಾರ?” ಎಂದ. ಅಕ್ಕಿ ಗಿರಣಿಯವರು ಗಾಲಿಯೊಳಗೆ ತಲೆ ಹಾಕಿ ಬ್ರೇಕು ನೋಡಿಯೇ ಹೆಣ್ಣು ತರುತ್ತಾರೆ ಎಂದು ಇವನಿಗೆ ಹೇಳಿದವರು ಯಾರೋ!

ಬ್ರೇಕನ್ನು ಎಲ್ಲಿಂದ ತಂದರು ಗೊತ್ತೇ? ಹೈವೇಯಲ್ಲಿ ಅದಿರು ಲಾರಿಗೆ ಗುದ್ದಿ ಮೂತಿ ಅಪ್ಪಚ್ಚಿಯಾದ ಒಂದು ಫಾರಿನ್ ಕಾರಿನಿಂದ. ಮುಂದಿನ ಬ್ರೇಕುಗಳು ಮೂತಿಯ ಜೊತೆಗೇ ಹೋಗಿದ್ದವು. ಹಿಂದಿನವು ಉಳಿದಿದ್ದವು. ಹೀಗಾಗಿ ಬಸವನಿಗೆ ಮುಂದೆ ಡ್ರಮ್ಮು, ಹಿಂದೆ ಡಿಸ್ಕು. ನಿಲ್ಲಲಾರದೆ ಲಾರಿಗೆ ಗುದ್ದಿದ ಕಾರಿನ ಬ್ರೇಕು ತಂದು ‘ಇನ್ನ ನಮ್ಮ ಗಾಡಿ ಗಪ್ಪನೆ ನಿಲ್ತೈತಿ’ ಎನ್ನುವವನಿಗೆ ಕಾಲೇಜು ಓದಿದವನು ಏನು ಹೇಳಬೇಕು? ನಾನು ಕುರ್ಚಿ ಹಾಕಿಕೊಂಡು ನೋಡಿದೆ.

ಹೊಸ ಬ್ರೇಕಿಗೆ ಹಳೇ ಗಾಲಿ ಕೂರಲಿಲ್ಲ. ಭಾಮೈದ ಖುಷಿಯಾಗಿ, ದೊಡ್ಡ ದೊಡ್ಡ ಕಿಂಡಿಯಿರುವ ಹೊಳೆಯುವ ಗಾಲಿ ತರಿಸಿದ. “ಹಾಕಿದ್ದು ಕಾಣಬೇಕಲ್ರಿ ಮತ್ತ” ಎಂದ. ನಿಜ, ಕಿಂಡಿಯೊಳಗೆ ಉಕ್ಕಿನ ತಟ್ಟೆ ಕನ್ನಡಿಯಂತೆ ಕಾಣುತ್ತಿತ್ತು. ಬ್ರೇಕ್ ತುಳಿದರೆ ಇಕ್ಕಳದಂಥ ಕ್ಯಾಲಿಪರು ಆ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯಬೇಕು. ಹಿಡಿಯುತ್ತಿರಲಿಲ್ಲ, ಅಷ್ಟೇ.

ನಾನು ಹೊಸಪೇಟೆಯ ಗ್ಯಾರೇಜಿಗೆ ಹೋದಾಗ ಭಾಮೈದ ಸೀಟಿನಲ್ಲಿ ಕೂತು ಪೆಡಲು ತುಳಿಯುತ್ತಿದ್ದ. ಮೇಸ್ತ್ರಿ ಕೆಳಗೆ ಮಲಗಿ ‘ತುಳೀರಿ, ಹಿಡೀರಿ, ಬಿಡ್ರಿ’ ಎನ್ನುತ್ತಿದ್ದ. ಸುತ್ತಲೂ ಬ್ರೇಕ್ ಆಯಿಲಿನ ಖಾಲಿ ಡಬ್ಬಿಗಳು ಉರುಳಾಡುತ್ತಿದ್ದವು.

“ಏನು ನಡದೈತಿ ಮೇಸ್ತ್ರಿ?” ಎಂದೆ.

“ಪೈಪಿನಾಗಿನ ಏರ್ ತಗೀತಿದೀವಿ ಸಾರ್. ನಿನ್ನಿಂದ ತಗೀತಿದೀವಿ, ಮುಗೀವಲ್ದು.”

“ಫಾರಿನ್ ಪಾರ್ಟ್ ಅಲ್ರಿ ಇಂಜಿನಿಯರ್ರೇ, ಅಲ್ಲಿಂದ ತುಂಬಿಕ್ಯಂಡು ಬಂದಿರ್ತೈತಿ” ಎಂದ ಸಾಹುಕಾರ, ಮೊಬೈಲಿನಿಂದ ಕಿವಿ ತೆಗೆಯದೆ.

ಪೆಡಲ್ ತುಳಿದು ನೋಡಿದೆ. ಪೈಪಿನಲ್ಲಿ ಗಾಳಿ ಉಳಿದಿದ್ದರಿಂದ ಹತ್ತಿ ಗಾದಿ ತುಳಿದ ಹಾಗಿತ್ತು. ಬಗ್ಗಿ ಗಾಲಿ ನೋಡಿದವನಿಗೆ ಬೆಳಗಿನ ಕಾಫಿಗಿಂತ ಹೆಚ್ಚಿನ ಆನಂದವಾಯಿತು. ಏರ್ ಹೊರಗೆ ಬಿಡುವ ನಿಪ್ಪಲ್ಲು ಕ್ಯಾಲಿಪರಿನ ನೆತ್ತಿಯ ಮೇಲಿರಬೇಕು, ಇಲ್ಲಿ ನೆಲ ನೋಡುತ್ತಿತ್ತು. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಕೂರಿಸಿದ್ದರು. ಗಾಳಿ ಮೇಲಕ್ಕೆ ಹೋಗುತ್ತದೆ ಎನ್ನುವುದು ಕೆರೆಯಲ್ಲಿ ಮುಳುಗಿ ಗುಳ್ಳೆ ಬಿಟ್ಟ ಎಮ್ಮೆಗೂ ಗೊತ್ತು. ಇವರು ಅದನ್ನು ಕೆಳಗಿನಿಂದ ಕರೆಯುತ್ತಿದ್ದರು.

“ಅಲ್ಲೋ ಮೇಸ್ತ್ರಿ, ಎಡದ್ದು ಬಲಕ್ಕ ಯಾಕ ಹಾಕಿದಿ?”

ಮೇಸ್ತ್ರಿ ಎದ್ದು ಕೂತು, ಇಷ್ಟು ಓದಿದವನಿಗೆ ಇದೂ ಗೊತ್ತಿಲ್ಲವಲ್ಲ ಎಂಬಂತೆ ನನ್ನನ್ನು ನೋಡಿದ.

“ಗೊತ್ತಿದ್ದ ಹಾಕೀನಿ ಸಾರ್. ಫಾರಿನ್ನಿನಾಗ ಡ್ರೈವರ್ ಎಡಕ್ಕ ಕುಂದ್ರತಾನ, ಗಾಡಿ ಬಲಕ್ಕ ಓಡ್ತಾವು. ಅಲ್ಲಿ ಎಲ್ಲಾ ಉಲ್ಟಾ. ಅದಕ್ಕ ನಾನೂ ಉಲ್ಟಾ ಹಾಕಿ ನಮ್ಮ ದೇಶಕ್ಕ ಸೀದಾ ಮಾಡೀನಿ!”

ಘಟ್ಟದಲ್ಲಿ ಕಡ್ಡಿಪೆಟ್ಟಿಗೆ

ಎಡಬಲ ಸರಿ ಮಾಡಿಸಿದ ಮೇಲೆ ಏರ್ ಹೋಯಿತು, ಪೆಡಲ್ ಗಟ್ಟಿಯಾಯಿತು. ಸಾಹುಕಾರ ಆ ಸಂಜೆಯೇ ಸಂಡೂರಿಗೆ ಹೊರಟ. ಭಾಮೈದ ಸ್ಟೇರಿಂಗಿನಲ್ಲಿ, ನಡುವೆ ಸಾಹುಕಾರ, ಬಾಗಿಲ ಬದಿ ನಾನು. ನನಗೆ ಸಂಡೂರಿನಲ್ಲಿ ಕೆಲಸವೇನೂ ಇರಲಿಲ್ಲ. ಇಂಥ ಪ್ರಯಾಣಕ್ಕೆ ಕೆಲಸ ಬೇರೆ ಬೇಕೇ?

ಘಟ್ಟದಲ್ಲಿ ಜಾಮು. ಆ ದಿನಗಳಲ್ಲಿ ಅಲ್ಲಿ ಜಾಮು ಇಲ್ಲದಿದ್ದರೆ ಜನ ಹೆದರುತ್ತಿದ್ದರು, ಮುಂದೆ ಏನೋ ಆಗಿದೆ ಎಂದು. ಕೆಂಪು ಧೂಳಿನಲ್ಲಿ ಅದಿರು ಲಾರಿಗಳ ಸಾಲು ಹೆಬ್ಬಾವಿನಂತೆ ಬಿದ್ದಿತ್ತು. ಒಂದೊಂದು ಮಾರು ಸರಿಯುತ್ತ ಹೋದಂತೆ ಹಿಂದಿನಿಂದ ಸುಟ್ಟ ವಾಸನೆ ಬಂತು. ಗಾಡಿಯೂ ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತೆ ಏದುಸಿರು ಬಿಡುತ್ತಿತ್ತು.

“ಏನದು ವಾಸನಿ?” ಎಂದ ಸಾಹುಕಾರ.

“ಹೊಸಾದಲ್ಲ ಭಾವಾ, ಸೆಟ್ ಆಗಾಕ ಹತ್ತೈತಿ. ಡಿಸ್ಕ್ ಬಿಸಿ ಆದಷ್ಟೂ ಹಿಡಿತ ಚಲೋ ಅಂತ ಇಂಟರ್ನೆಟ್ಟಿನಾಗೇ ಬರದಾರ.”

ನನಗೆ ಕಾರಣ ಗೊತ್ತಿತ್ತು. ಹಳೇ ಡ್ರಮ್ ಬ್ರೇಕಿನಲ್ಲಿ, ಪೆಡಲ್ ತುಳಿದಾಗ ಆಯಿಲ್ ನೂಕುವ ಮಾಸ್ಟರ್ ಸಿಲಿಂಡರಿನೊಳಗೆ, ಒಂದು ಸಣ್ಣ ವಾಲ್ವು ಇರುತ್ತದೆ. ಕಾಲು ತೆಗೆದರೂ ಅದು ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುತ್ತದೆ. ಡ್ರಮ್ಮಿಗೆ ಅದು ಬೇಕು. ಡಿಸ್ಕಿಗೆ ಅದೇ ಶನಿ, ಇಕ್ಕಳ ಹಿಡಿದ ತಟ್ಟೆಯನ್ನು ಬಿಡುವುದೇ ಇಲ್ಲ. ಬಾಯಿ ತೆರೆದೆ. “ನೀವು ಓದಿದ ಕಾಲ ಬ್ಯಾರೆ ಅಂಕಲ್” ಎಂದ ಭಾಮೈದ. ಬಾಯಿ ಮುಚ್ಚಿದೆ. ಮುಚ್ಚಿದ ಬಾಯಿಯ ಒಳಗೆ ನಗುವುದರಲ್ಲಿ ನನಗೆ ಸರಕಾರಿ ನೌಕರಿಯ ಅನುಭವವಿತ್ತು.

ಹೊತ್ತು ಮುಳುಗಿತು. ಹಿಂದಿನ ಲಾರಿಯ ಡ್ರೈವರು ಬೀಡಿ ಬಾಯಲ್ಲಿಟ್ಟುಕೊಂಡು ಇಳಿದು ಬಂದ.

“ಅಣ್ಣಾರ, ಕಡ್ಡಿಪೆಟ್ಟಿಗಿ ಐತೇನ್ರಿ?”

“ಇಲ್ಲ” ಎಂದ ಸಾಹುಕಾರ, ಅದಿರಿನವರು ಲಾರಿಯವರಿಗೆ ಹೇಳುವ ಗತ್ತಿನಲ್ಲಿ.

ಅವನು ತಿರುಗಿ ಹೋಗುತ್ತಿದ್ದವನು ನಮ್ಮ ಹಿಂದಿನ ಗಾಲಿಯ ಹತ್ತಿರ ನಿಂತ. ಆ ಹೊಳೆಯುವ ಗಾಲಿಯ ಕಿಂಡಿಯೊಳಗೆ ತಟ್ಟೆ ಕಮ್ಮಾರನ ಕುಲುಮೆಯಂತೆ ಕೆಂಪಗೆ ಕಾಯುತ್ತಿತ್ತು. ಅವನು ಒಂದು ಕಾಗದ ಸುತ್ತಿ ಕಿಂಡಿಯೊಳಗೆ ತೂರಿಸಿದ. ಭಗ್ಗನೆ ಹತ್ತಿತು. ಬೀಡಿ ಹಚ್ಚಿಕೊಂಡು, “ಬರ್ರಲೇ, ಬೆಂಕಿ ಇಲ್ಲೈತಿ!” ಎಂದು ಕೂಗಿದ. ನಾಲ್ಕಾರು ಡ್ರೈವರು ಕ್ಲೀನರುಗಳು ಬಂದು ನಮ್ಮ ಗಾಲಿಯ ಸುತ್ತ ಶಿವರಾತ್ರಿಯ ದೀಪಕ್ಕೆ ಸೇರಿದಂತೆ ಸೇರಿದರು. ಸಾಹುಕಾರ ಇಳಿದು ನೋಡಿ ಮುಖ ಕಪ್ಪಿಟ್ಟುಕೊಂಡ.

ಮೊದಲು ಬಂದ ಡ್ರೈವರು ಧನ್ಯವಾದ ಹೇಳುವ ದನಿಯಲ್ಲಿಯೇ ಕೇಳಿದ, “ಮಸ್ತ್ ಐತ್ರೀ ಸಾಹುಕಾರ್ರೇ. ನಮ್ಮ ಲಾರಿಗೂ ಇಂಥಾದ್ದು ಸಿಗ್ತೈತೇನು? ಬ್ರೇಕ್ ಹತ್ಲಿ ಬಿಡ್ಲಿ, ಜಾಮಿನ್ಯಾಗ ಚಾ ಆದ್ರೂ ಕಾಸ್ಕಬೋದು.”

ಹೇಳಿದ್ದನ್ನೇ ಮಾಡಿದ ಮೇಸ್ತ್ರಿ

ಬೀಡಿಯ ಅವಮಾನ ಸಾಹುಕಾರನಿಗೆ ಚೆನ್ನಾಗಿ ನಾಟಿತು. ಮರುದಿನ ನನ್ನ ಮಾತು ಕೇಳಿದ. ಹಿಂದಿನ ಬ್ರೇಕಿನ ಪೈಪಿಗೆ ಬೇರೆ ದಾರಿ ಮಾಡಿಸಿ ಆ ವಾಲ್ವು ತಪ್ಪಿಸಿದೆ. ಗಾಲಿ ಬಿಸಿಯಾಗುವುದು ನಿಂತಿತು. ಎಲ್ಲ ಸರಿಯಾಯಿತು ಎಂದುಕೊಂಡು ಸಾಹುಕಾರ ಮನೆಯ ಮುಂದೆ ಟ್ರಕ್ಕು ನಿಲ್ಲಿಸಿ, ಇಳಿದು, ಗತ್ತಿನಿಂದ ಬಾಗಿಲ ಕಡೆ ನಡೆದ. ಇಳಿಜಾರಿನ ಅಂಗಳದಲ್ಲಿ ಟ್ರಕ್ಕೂ ಸಾಕಿದ ನಾಯಿಯಂತೆ ಮೆಲ್ಲಗೆ ಅವನ ಹಿಂದೆಯೇ ಬಂತು.

ಕಟ್ಟೆಯ ಮೇಲೆ ಕೂತಿದ್ದ ಅವ್ವ, “ಲೇ, ಹಿಂದ ನೋಡಲೇ! ಬಸವ ಒಳಗ ಬರ್ತೀನಿ ಅನ್ನಾಕ ಹತ್ತೈತಿ!” ಎಂದು ಕೂಗಿದಳು. ಭಾಮೈದ ಓಡಿ ಹೋಗಿ, ಭಾವ ತೆರೆದೇ ಬಿಟ್ಟಿದ್ದ ಬಾಗಿಲಿನಿಂದ ಹತ್ತಿ ಬ್ರೇಕ್ ತುಳಿದ. ಟ್ರಕ್ಕು ತುಳಸಿ ಕಟ್ಟೆಗೆ ಮೂಗು ತಾಗಿಸಿ ನಿಂತಿತು.

ಹ್ಯಾಂಡ್ ಬ್ರೇಕ್ ಎಳೆದು ನೋಡಿದರೆ ಲಿವರು ಗಾಳಿಯಲ್ಲಿ ಆಡಿತು. ಕೆಳಗೆ ಅದಕ್ಕೆ ಏನೂ ಸಿಕ್ಕಿಸಿರಲೇ ಇಲ್ಲ. ಗೇರಿನಲ್ಲಿ ನಿಲ್ಲಿಸೋಣವೆಂದರೆ ಆ ಮುದಿ ಗೇರ್‌ಬಾಕ್ಸು ಹಾಕಿದ ಗೇರನ್ನು ತಾನಾಗಿಯೇ ಉಗುಳುತ್ತಿತ್ತು. ಕೊನೆಗೆ ಗಾಲಿಗೆ ಕಲ್ಲು ಕೊಡಬೇಕಾಯಿತು. ಸಾಮಾನ್ಯ ಕಲ್ಲು ಕೊಡಲು ಸಾಹುಕಾರ ಒಪ್ಪಲಿಲ್ಲ. ತನ್ನ ಹೊಲದಿಂದ ತಂದು ಷೋಕೇಸಿನಲ್ಲಿ ಇಟ್ಟಿದ್ದ ಅದಿರಿನ ಗುಂಡನ್ನು ಇಬ್ಬರ ಕೈಯಲ್ಲಿ ಹೊರಿಸಿ ತಂದ. ಕರ್ರಗೆ, ನುಣ್ಣಗೆ, ಕುಂಬಳಕಾಯಿಯಷ್ಟು ದಪ್ಪ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ.

“ಹೈ ಗ್ರೇಡ್ ಐತ್ರಿ ಇದು. ಇಂಥಾದು ಚೀನಾಕ್ಕ ಹೋಗ್ತೈತಿ” ಎಂದ.

ಚೀನಾದವರು ಕರಗಿಸಿ ಹಡಗು ಕಟ್ಟುವ ಕಲ್ಲನ್ನು ನಮ್ಮವನು ಟ್ರಕ್ಕಿನ ಗಾಲಿಗೆ ಕೊಟ್ಟ. ಅದಿರಿನ ಕಾಲದಲ್ಲಿ ನಮ್ಮೂರಿನ ಅದಿರು ಊರಿನ ಉಪಯೋಗಕ್ಕೆ ಬಂದದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಮೇಸ್ತ್ರಿಯನ್ನು ಕರೆಸಿ ವಿಚಾರಣೆ ನಡೆಯಿತು. ಆ ಕಾರಿನ ಹ್ಯಾಂಡ್ ಬ್ರೇಕು ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ಹಿಂದಿನ ಡಿಸ್ಕಿನ ನಡುವೆ ಒಂದು ಪುಟ್ಟ ಡ್ರಮ್ಮು ಅಡಗಿರುತ್ತದೆ, ಹ್ಯಾಂಡ್ ಬ್ರೇಕಿನ ತಂತಿ ಅದಕ್ಕೆ ಸೇರಬೇಕು.

“ಆ ಸಣ್ಣ ಡ್ರಮ್ಮಿನ ಸಾಮಾನು ಎಲ್ಲೈತಿ?” ಎಂದೆ.

“ಕಿತ್ತು ಗುಜರಿಗೆ ಕೊಟ್ಟೆ ಸಾರ್.”

“ಹಳೇ ದೊಡ್ಡ ಡ್ರಮ್ಮು?”

“ಅದನ್ನೂ ಕೊಟ್ಟೆ.”

“ಯಾಕ ಕೊಟ್ಟೀಲೇ?” ಎಂದು ಸಾಹುಕಾರ ಮೇಲೆ ಬಿದ್ದ.

ಮೇಸ್ತ್ರಿಗೆ ನಿಜವಾಗಿ ನೋವಾಯಿತು. “ನೀವಾ ಹೇಳಿದ್ರಲ್ರೀ ಸಾಹುಕಾರ್ರೇ, ‘ಹಿಂದಿನ ಗಾಲ್ಯಾಗ ಡ್ರಮ್ ಅನ್ನೋ ಸಾಮಾನು ಕಾಣಬಾರದು’ ಅಂತ. ಹಿಂದ ಡಿಸ್ಕಿನ ಹೊಟ್ಯಾಗ ಇನ್ನೊಂದು ಅಡಿಕ್ಯಂಡಿತ್ತು. ಬಿಟ್ಟೆನೇನು ನಾನು? ಹುಡುಕಿ ಕಿತ್ತು ಒಗದೀನಿ!”

ದೃಷ್ಟಿ

ಮದುವೆ ಹತ್ತಿರ ಬಂತು. ಆಗ ಶುರುವಾಯಿತು ನಿಜವಾದ ತಲೆನೋವು. ಬ್ರೇಕು ಸಂಜೆ ಇರುತ್ತಿತ್ತು, ಬೆಳಿಗ್ಗೆ ಇರುತ್ತಿರಲಿಲ್ಲ. ಬೆಳಿಗ್ಗೆ ಪೆಡಲ್ ಕಲ್ಲಿನಂತೆ ಗಟ್ಟಿ, ತುಳಿದರೆ ಗಾಡಿ ಮಾತ್ರ, ಮುಂದಿನ ಮುದಿ ಡ್ರಮ್ಮುಗಳನ್ನು ಲೆಕ್ಕಿಸದೆ, ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತಿತ್ತು. ಊರೆಲ್ಲ ಓಡಾಡಿ ಬಂದರೆ ಸಂಜೆಗೆ ಗಪ್ಪನೆ ಹಿಡಿಯುತ್ತಿತ್ತು. ಮರುದಿನ ಮತ್ತೆ ಅದೇ ರಾಗ.

ಮೇಸ್ತ್ರಿ ಬ್ರೇಕ್ ಪ್ಯಾಡು ಬದಲಿಸಿದ. ಬೆಳಿಗ್ಗೆ ಬ್ರೇಕಿಲ್ಲ. ಭಾಮೈದ ‘ಎಲ್ಲ ಅದಿರಿನ ಧೂಳಿಂದ’ ಎಂದು ತಲೆಗೆ ಹಾಕುವ ಶಾಂಪೂ ತಂದು ಗಾಲಿ ತೊಳೆದ. ಸಂಡೂರಿನ ಧೂಳು ರಾತ್ರಿ ಮಾತ್ರ ಕೂತು ಹಗಲು ಎದ್ದು ಹೋಗುತ್ತದೆಯೇ ಎಂದು ಕೇಳಿದೆ. ಅದನ್ನು ಇಂಟರ್ನೆಟ್ಟಿನಲ್ಲಿ ನೋಡಿ ಹೇಳುತ್ತೇನೆ ಎಂದ.

ಸಾಹುಕಾರ ಮಾತ್ರ ರೋಗ ಕಂಡುಹಿಡಿದೇಬಿಟ್ಟಿದ್ದ. “ಇದು ದೃಷ್ಟಿ. ಆ ಘಟ್ಟದಾಗಿನ ಲಾರಿ ಡ್ರೈವರ್‌ಗಳ ಕಣ್ಣು ಬಿದ್ದೈತಿ. ಅವ್ವಾ, ಬಸವನ ಪೂಜಿ ಇನ್ನಷ್ಟು ಜೋರು ಮಾಡು” ಎಂದು ಅಪ್ಪಣೆ ಕೊಡಿಸಿದ. ಅವ್ವ ಪೂಜೆ ಜೋರು ಮಾಡಿದಳು. ಬ್ರೇಕು ಸಂಜೆಯೂ ಹೋಯಿತು.

ಇನ್ನು ಸುಮ್ಮನಿದ್ದರೆ ಅವ್ವ ಘಟ್ಟದಿಂದ ಸೀದಾ ಕೈಲಾಸಕ್ಕೇ ಹೋಗುತ್ತಾಳೆಂದು ನಾನು ಅವರ ಮನೆಯಲ್ಲೇ ಒಂದು ದಿನ ತಂಗಿದೆ. ಬೆಳಗಾಗುತ್ತಲೇ ಎದ್ದು ಅಂಗಳಕ್ಕೆ ಬಂದರೆ, ಅವ್ವ ಬಸವನ ಹಿಂದಿನ ಗಾಲಿಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಾಳೆ. ಪಕ್ಕದಲ್ಲಿ ಊದಿನಕಡ್ಡಿ, ವಿಭೂತಿ, ಕುಂಕುಮ, ಒಂದು ಬಟ್ಟಲು ಕುಸುಬಿ ಎಣ್ಣೆ. ಗಾಲಿಯ ಕಿಂಡಿಯೊಳಗೆ ಕೈ ತೂರಿಸಿ ಆ ಕನ್ನಡಿಯಂಥ ತಟ್ಟೆಗೆ ಎರಡೂ ಕಡೆ ಎಣ್ಣೆ ತಿಕ್ಕಿ, ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮ ಇಡುತ್ತಿದ್ದಾಳೆ. ಬಾಣಂತಿಗೆ ಕೂಡ ಯಾರೂ ಅಷ್ಟು ಚೆಂದ ಎಣ್ಣೆ ತಿಕ್ಕಿ ನೀರೆರೆಯುವುದಿಲ್ಲ.

“ಅವ್ವಾ! ಏನ್ ಮಾಡಾಕ ಹತ್ತೀಯ?”

“ಕಾಣಂಗಿಲ್ಲೇನು? ಬಸವನ ಕಾಲಿಗೆ ಎಣ್ಣಿ ತಿಕ್ಕಾಕ ಹತ್ತೀನಿ.”

“ಅವ್ವಾ, ಅದು ಬ್ರೇಕು. ಅದಕ್ಕ ಎಣ್ಣಿ ಹಚ್ಚಿದ್ರ ಗಾಡಿ ನಿಲ್ಲಂಗಿಲ್ಲ.”

“ಎತ್ತು ಇದ್ದಾಗ ದಿನಾ ಕಾಲಿಗೆ ಎಣ್ಣಿ ತಿಕ್ಕೀನಿ. ಓ ಅಂದ್ರ ನಿಲ್ತಿದ್ವು. ಎಣ್ಣಿ ತಿಕ್ಕಿದ್ರ ಎತ್ತು ನಿಲ್ಲಂಗಿಲ್ಲ ಅಂತ ಯಾವ ಕಾಲೇಜಿನ್ಯಾಗ ಕಲಿಸ್ಯಾರೋ ನಿನಗ?”

ಘರ್ಷಣೆ ಎಂಬ ತತ್ವವನ್ನು ಅವ್ವನಿಗೆ ಅರ್ಥ ಮಾಡಿಸಲು ಹೊರಟೆ. ಗೋಡೆಗೆ ಪಾಠ ಹೇಳಿದ್ದರೆ ಗೋಡೆಯಾದರೂ ಎದುರು ಮಾತಾಡುತ್ತಿರಲಿಲ್ಲ. ಕೊನೆಗೆ ಅಡ್ಡದಾರಿ ಹಿಡಿದೆ. “ಮೊಮ್ಮಗಳ ಮದಿವಿಗೆ ಮುಟ್ಟಬೇಕೋ ಬ್ಯಾಡೋ? ಹಂಗಾದ್ರ ಆಣಿ ಮಾಡು. ಏನಾರ ಆಗ್ಲಿ, ಇನ್ನ ಬಸವನ ಬ್ರೇಕ್ ಮುಟ್ಟಂಗಿಲ್ಲ ಅಂತ” ಎಂದು ದೇವರ ಮೇಲೆ ಆಣೆ ಹಾಕಿಸಿಕೊಂಡೆ. ಅವ್ವ ಆಣೆ ಇಟ್ಟಳು. ಆದರೆ ಕೈಯಲ್ಲಿದ್ದ ಎಣ್ಣೆ ಬಟ್ಟಲು ಏನಾಗಬೇಕು? ದಿನದ ಪೂಜೆ ತಪ್ಪಿದರೆ ಆಕೆಗೆ ಅನ್ನ ಇಳಿಯದು. ಗಾಲಿಯ ಕೆಳಗಿನ ಅದಿರು ಗುಂಡು ತೋರಿಸಿ, “ಬೇಕಂದ್ರ ಇದಕ್ಕ ಮಾಡವ್ವ. ಇದಕ್ಕ ಎಷ್ಟು ಎಣ್ಣಿ ಹಚ್ಚಿದ್ರೂ ಏನೂ ಆಗಂಗಿಲ್ಲ” ಎಂದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಅವ್ವ ಕಲ್ಲನ್ನು ಸುತ್ತ ನೋಡಿ ಒಪ್ಪಿದಳು.

“ಆತು ಬಿಡು. ನಿಮ್ಮೆಲ್ಲಾರಿಗಿಂತ ಇದಾ ಶಾಣ್ಯಾ ಐತಿ. ಇರೋದೊಂದ ಕೆಲಸ, ಅದನ್ನ ಬಾಯಿ ಮುಚ್ಚಿಕ್ಯಂಡು ಮಾಡ್ತೈತಿ.”

ಬೀಗರು ಎದುರುಗೊಂಡದ್ದು

ಮದುವೆಯ ದಿನ ಸಾಹುಕಾರ, ಹೆಂಡತಿ, ಮದುಮಗಳು ಫಾರಿನ್ ಕಾರಿನಲ್ಲಿ ಮುಂಚೆಯೇ ಹೋದರು. ಹಿಂದೆ ಬಸವನ ಮೇಲೆ ಅವ್ವ. “ಎಣ್ಣಿ ಬ್ಯಾಡ ಅಂದವನಾ ನಡಸ್ಲಿ” ಎಂದು ಹಟ ಹಿಡಿದದ್ದರಿಂದ ಸ್ಟೇರಿಂಗು ನನ್ನ ಕೈಗೆ ಬಂತು. ಅವ್ವನ ಮಡಿಲಿನಲ್ಲಿ ಅರಿಶಿನ ಹಚ್ಚಿದ ಅಕ್ಕಿಕಾಳಿನ ಗಂಟು. ಹಿಂದೆ ಚೀಲದಲ್ಲಿ ಸುತ್ತಿದ ಕಲ್ಲು.

ತಟ್ಟೆಯ ಎಣ್ಣೆ ತೊಳೆಸಿ ಪ್ಯಾಡು ಬದಲಿಸಿದ್ದೆನಲ್ಲ, ಘಟ್ಟದಲ್ಲಿ ಬ್ರೇಕು ಏನು ಹಿಡಿಯಿತೆನ್ನುತ್ತೀರಿ! ಸುಳ್ಳು ಹೇಳಬಾರದು, ಹಾಗೆ ಹಿಡಿಯುವ ಬ್ರೇಕನ್ನು ನಾನು ನೌಕರಿಯಲ್ಲಿದ್ದಾಗಲೂ ಕಂಡಿರಲಿಲ್ಲ. ಹೊಸಪೇಟೆ ದಾಟಿತು, ಕಮಲಾಪುರದ ಕೆರೆ ದಾಟಿತು, ಭತ್ತದ ಗದ್ದೆಗಳ ನಡುವೆ ಕಂಪ್ಲಿಯೂ ಬಂತು. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು.

ಗಿರಣಿಯ ಒಳಗೆ ಭತ್ತ ಒಣಗಿಸುವ ಸಿಮೆಂಟಿನ ಕಣವಿತ್ತು. ಮಳೆನೀರು ಹರಿದುಹೋಗಲೆಂದು ಅದನ್ನು ಗೇಟಿನಿಂದ ಕೆಳಕ್ಕೆ ಇಳಿಜಾರಾಗಿ ಮಾಡಿದ್ದರು. ಮೇಲೆ ಗೇಟು, ಕೆಳಗೆ ಮದುವೆ ಚಪ್ಪರ. ಚಪ್ಪರದ ಮುಂದೆ, ಎಲ್ಲರಿಗೂ ಕಾಣುವಂತೆ, ಹೂವಿನ ಹಾರ ಹಾಕಿಸಿಕೊಂಡು ಅಡ್ಡಡ್ಡ ನಿಂತಿತ್ತು ಸಾಹುಕಾರನ ಫಾರಿನ್ ಕಾರು.

ನಾನು ಬಸವನನ್ನು ಗೇಟಿನ ಒಳಗೆ ನಿಲ್ಲಿಸಿ, ಬ್ರೇಕ್ ತುಳಿದುಕೊಂಡೇ ಕೂತು, ಬೀಗರ ಕಡೆಯ ಇಬ್ಬರು ಆಳುಗಳಿಂದ ಕಲ್ಲು ಇಳಿಸಿ ಮುಂದಿನ ಗಾಲಿಗೆ ಕೊಡಿಸಿ, ಆಮೇಲೆ ಇಳಿದೆ. ಅವ್ವ ಇಳಿಯಲಿಲ್ಲ. ಬೀಗರು ವಾಲಗದ ಜೊತೆ ಬಂದು, ಆರತಿ ಮಾಡಿ, ಕಾಯಿ ಒಡೆದ ಮೇಲೇ ಇಳಿಯುವುದು ಪದ್ಧತಿ. ಬೀಗರೂ ಪದ್ಧತಿ ಬಿಡುವವರಲ್ಲ. ವಾಲಗ ಹೊರಟಿತು.

ಆರತಿ ನಡೆಯುತ್ತಿದ್ದಾಗ ಬೀಗರ ಕಡೆಯ ನಾಲ್ಕು ಜನ ಹೊಳೆಯುವ ಗಾಲಿ ನೋಡಿ, “ಏನ್ರೀ ಇದು?” ಎಂದರು. ಇಂಥ ಪ್ರಶ್ನೆಯನ್ನು ನನ್ನ ಮುಂದೆ ಇಡಬಾರದು. ಎಡಬಲದ ಕಥೆ ಹೇಳಿದೆ, ಬೀಡಿಯ ಕಥೆ ಹೇಳಿದೆ, ಎಣ್ಣೆಯ ಕಥೆಗೆ ಬಂದಿದ್ದೆ. “ನನ್ನಂಥವನೊಬ್ಬ ಇಲ್ಲದಿದ್ರ ಈ ಗಾಡಿ ನಿಲ್ತಾನಾ ಇರ್ಲಿಲ್ಲ ನೋಡ್ರಿ” ಎನ್ನುತ್ತಿದ್ದೆ.

ನನ್ನ ಬೆನ್ನ ಹಿಂದೆ ಎಮ್ಮಿಗನೂರಿನಿಂದ ಬಂದಿದ್ದ ವರನ ದೊಡ್ಡಪ್ಪ ಕೈಯಲ್ಲಿ ತೆಂಗಿನಕಾಯಿ ಹಿಡಿದು ಒಡೆಯಲು ಕಲ್ಲು ಹುಡುಕುತ್ತಿದ್ದ. ಸಿಮೆಂಟಿನ ಕಣದಲ್ಲಿ ಕಲ್ಲೆಲ್ಲಿ? ಅಷ್ಟರಲ್ಲಿ ಗಾಲಿಯ ಮುಂದೆ ಕಂಡಿತು. ಕರ್ರಗೆ ಎಣ್ಣೆ ಮಿನುಗುವ ಗುಂಡುಕಲ್ಲು, ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಒಂದು ಚೆಂಡುಹೂವು. ಅವ್ವ ಅಂದು ಬೆಳಿಗ್ಗೆ ಪೂಜೆ ಮಾಡಿಯೇ ಹೊರಟಿದ್ದಳಲ್ಲ.

“ನೋಡ್ರಿ, ಮನೆತನಸ್ತರು ಅಂದ್ರ ಹಿಂಗಿರಬೇಕು! ಕಾಯಿ ಒಡ್ಯಾಕ ಕಲ್ಲು ಸೈತ ಪೂಜಿ ಮಾಡಿ ಮನಿಂದ ತಂದಾರ!” ಎಂದು ದೊಡ್ಡಪ್ಪ ಕಣ್ಣು ತುಂಬಿಕೊಂಡು ಹೇಳಿದ್ದು ನನ್ನ ಕಿವಿಗೆ ಬಿತ್ತು. ಅರ್ಥವಾಗುವಷ್ಟರಲ್ಲಿ ಇಬ್ಬರು ಸೇರಿ ಕಲ್ಲನ್ನು ಭಕ್ತಿಯಿಂದ ಎತ್ತಿ ಪಕ್ಕಕ್ಕೆ ಇಟ್ಟರು. ಕಾಯಿ ಠಪ್ಪೆಂದು ಒಡೆಯಿತು. ಬಸವ ಹೊರಟಿತು.

ಜೋರಾಗಿ ಅಲ್ಲ. ದೇವರ ಪಲ್ಲಕ್ಕಿಯಂತೆ, ಮೆಲ್ಲಗೆ, ಗಂಭೀರವಾಗಿ. ಅದನ್ನು ನೋಡಿ ವಾಲಗದವರು ಇದು ಮೆರವಣಿಗೆಯೆಂದು ತಿಳಿದು ಬದಿಗೆ ಸರಿದು ಇನ್ನೂ ಜೋರಾಗಿ ಊದುತ್ತ ಜೊತೆಗೆ ನಡೆದರು. ಹೆಂಗಸರು ಅಕ್ಷತೆ ಎರಚಿದರು. ಕಿಟಕಿಯಲ್ಲಿ ಕೂತಿದ್ದ ಅವ್ವ ಎರಡೂ ಕಡೆ ಕೈ ಮುಗಿಯುತ್ತ ಹೊರಟಳು. ಅಷ್ಟು ಜನರ ನಡುವೆ ಗಾಬರಿಯಾದವನು ನಾನೊಬ್ಬನೇ. ಪಕ್ಕದಲ್ಲಿ ಓಡುತ್ತ ಬಾಗಿಲಿಗೆ ಕೈ ಹಾಕಿದೆ. ಆ ಬಾಗಿಲೋ, ಒಮ್ಮೆ ಮುಚ್ಚಿಕೊಂಡರೆ ಒಳಗಿನಿಂದ ಒದ್ದು ಮಾತ್ರ ತೆರೆಯುವಂಥದ್ದು.

“ಅವ್ವಾ! ಈ ಕಡೆ ಸರದು ಬ್ರೇಕ್ ತುಳಿ! ಬ್ರೇಕ್!”

ಅವ್ವ ನನ್ನ ಕಡೆ ತಿರುಗಿ ನೋಡಿದಳು. “ಏನಾರ ಆಗ್ಲಿ ಬ್ರೇಕ್ ಮುಟ್ಟಂಗಿಲ್ಲ ಅಂತ ನೀನಾ ಆಣಿ ಹಾಕ್ಸಿಕ್ಯಂಡೀಯಲ್ಲೋ! ಮದಿವಿ ದಿನ ಆಣಿ ಮುರೀಲೇನು?”

ಬಸವ ಕಣವನ್ನು ಪೂರ್ತಿ ಇಳಿದು, ಸಾಹುಕಾರನ ಫಾರಿನ್ ಕಾರಿನ ಪಕ್ಕೆಗೆ ದಡಕ್ಕೆಂದು ತಲೆ ಕೊಟ್ಟು ನಿಂತಿತು. ಕಾರಿನ ಬಾಗಿಲು ಹಪ್ಪಳದಂತೆ ಒಳಗೆ ಹೋಯಿತು. ಹೂವಿನ ಹಾರ ಹಾರಿ ಬಸವನ ಮೂತಿಗೆ ಬಿತ್ತು. ವಾಲಗ ಅಲ್ಲಿಗೆ ನಿಂತಿತು.

ಚಪ್ಪರದಿಂದ ಸಾಹುಕಾರ ರೇಷ್ಮೆ ಪಂಚೆ ಎತ್ತಿಕೊಂಡು ಓಡಿ ಬಂದ. ಕಾರು ನೋಡಿದ, ನನ್ನನ್ನು ನೋಡಿದ. ವರ್ಷಗಟ್ಟಲೆ ಒಳಗಿದ್ದ ಹಳೇ ಮಾತು ಹೊರಬಂತು.

“ಲೇ! ಹ್ಯಾಂಡ್ ಬ್ರೇಕ್ ಹಾಕಬೇಕಿಲ್ಲೇನಲೇ!”

“ಎಲ್ಲೈತಲೇ ಹ್ಯಾಂಡ್ ಬ್ರೇಕು? ಗುಜರಿಗೆ ಕೊಟ್ಟವರು ಯಾರಲೇ?”

ಹೈಸ್ಕೂಲು ಬಿಟ್ಟ ಮೇಲೆ ನಾವಿಬ್ಬರೂ ಅಷ್ಟು ಆತ್ಮೀಯವಾಗಿ ಮಾತಾಡಿದ್ದು ಅಂದೇ. ಇನ್ನೂ ಆಡುತ್ತಿದ್ದೆವು. ಅಷ್ಟರಲ್ಲಿ ಒಳಗಿನಿಂದ ಒಂದು ಒದೆ ಬಿದ್ದು ಬಾಗಿಲು ತೆರೆಯಿತು. ಅವ್ವ ಅಕ್ಕಿಕಾಳಿನ ಗಂಟು ಹಿಡಿದುಕೊಂಡು ನಿಧಾನಕ್ಕೆ ಇಳಿದಳು. ಒಂದು ಕಾಳೂ ಚೆಲ್ಲಿರಲಿಲ್ಲ. ನುಗ್ಗಾದ ಕಾರನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಆ ಕಾರಿನ ಬಗ್ಗೆ ಆಕೆಯ ಮುಖದಲ್ಲಿ ಮೊದಲ ಸಲ ಸ್ವಲ್ಪ ಗೌರವ ಕಂಡಿತು.

“ಯಾಕ ಹೊಯ್ಕಂತೀರೋ ಇಬ್ರೂ? ಹ್ಯಾಂಡ್ ಬ್ರೇಕ್ ಇಲ್ಲ, ಹ್ಯಾಂಡ್ ಬ್ರೇಕ್ ಇಲ್ಲ ಅಂತ ಊರೆಲ್ಲ ಹುಡುಕಿದ್ರಿ. ಇಷ್ಟು ದೊಡ್ಡದು ಮನ್ಯಾಗ ನಿಂತಿತ್ತಲ್ಲೋ! ನಡೀರಿ, ಮುಹೂರ್ತ ಮೀರ್ತೈತಿ.” ಎರಡು ಹೆಜ್ಜೆ ಹೋದವಳು ತಿರುಗಿ ನಿಂತು ಮಗನಿಗೆ ಹೇಳಿದಳು, “ಹಂಗಾ, ನಿನ್ನ ಕಾರಿಗೆ ಹೇಳಪ್ಪಾ. ನಾ ಅಕ್ಕಿಕಾಳು ಹಾಕಿ ಬರೋತನಕ ಬಸವನ್ನ ಗಟ್ಟಿಯಾಗಿ ಹಿಡಕಂಡಿರ್ಲಿ.”